ಪಾತ್ರೆಮನೆಯ ದೊಡ್ಡಮ್ಮ

ಕೆಂಪಾಪುರದ ನಮ್ಮ ಬೀದಿಯಲ್ಲಿ ನಾಮಕರಣವೋ ಗೃಹಪ್ರವೇಶವೋ ಗೊತ್ತಾದರೆ ಪುರೋಹಿತರಿಗಿಂತ ಮೊದಲು ದೊಡ್ಡಮ್ಮನ ಹತ್ತಿರ ಹೋಗಬೇಕಿತ್ತು. ದೇವಸ್ಥಾನದ ಹಿಂದಿನ ಕೋಣೆಯಲ್ಲಿ ನಮ್ಮ ಮಹಿಳಾ ಸಂಘದ ಸ್ಟೀಲ್ ಪಾತ್ರೆಗಳಿವೆ. ನೂರು ಜನಕ್ಕೆ ಅನ್ನ ಬೇಯುವ ದಬರಿ, ಸಾರಿನ ಬೋಸಿ, ಬಡಿಸುವ ಬಕೆಟ್ಟು, ಸೌಟು, ಜಾಲರಿ ಎಲ್ಲ ಅಲ್ಲೇ. ಆ ಕೋಣೆಯ ಬೀಗದ ಕೈ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಕೊರಳಿನ ಕರಿದಾರದಲ್ಲಿ ನೇತಾಡುತ್ತಿತ್ತು. ಸ್ನಾನ ಮಾಡುವಾಗಲೂ ತೆಗೆಯುತ್ತಿರಲಿಲ್ಲವಂತೆ.

ಅವರ ಹೆಸರು ಬರೆಯುವುದಿಲ್ಲ. ಪಾತ್ರೆಗಳ ಮೇಲೆ ಸಂಘದ ಹೆಸರು ಕೆತ್ತಿಸೋಣ ಎಂದು ನಾನು ಎಷ್ಟು ಬಡಕೊಂಡರೂ ಬಿಡಲಿಲ್ಲ ಈಯಮ್ಮ. ಅಂಥವರ ಹೆಸರನ್ನು ಇಲ್ಲಿ ಕೆತ್ತಿದರೆ ಎದ್ದು ಬಂದು ಬಯ್ದಾರು. ಹೋದ ತಿಂಗಳು ತೀರಿಕೊಂಡರು. ಅತ್ತಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಪಾತ್ರೆ ಕೇಳಲು ಹೋದವರಿಗೆ ಅವರದು ಒಂದೇ ಪ್ರಶ್ನೆ: ಒಳ್ಳೇದಕ್ಕೋ, ಕೆಟ್ಟದಕ್ಕೋ? ಕೋಣೆಯಲ್ಲಿ ಎರಡು ಕಡೆ ಗೂಡುಗಳಿದ್ದವು, ಕಡೆಗೊಂದೇ ದಬರಿ. ಬಲಗಡೆಯದು ಮದುವೆ, ಮುಂಜಿ, ಆರತಿಗೆ. ಎಡಗಡೆಯದು ಸಾವಿನ ಮನೆಯ ತಿಥಿ ಊಟಕ್ಕೆ. ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದ ಕಾಲದಿಂದಲೂ ಇಲ್ಲಿರುವ ಮನೆತನಗಳವರು ತಿಥಿಯ ಅನ್ನ ಬೆಂದ ಪಾತ್ರೆಯಲ್ಲಿ ಮದುವೆಯ ಪಾಯಸ ಮಾಡುವುದಿಲ್ಲ. ಕೇಳಿದರೆ ಮುಖ ಸಿಂಡರಿಸುತ್ತಾರೆ. ಎರಡೂ ಕಡೆಯ ಪಾತ್ರೆಗಳನ್ನು ಒಂದೇ ದಿನ, ಒಂದೇ ಅಂಗಡಿಯಲ್ಲಿ ತಂದದ್ದು. ಅಕ್ಕಪಕ್ಕ ಇಟ್ಟರೆ ಯಾವುದು ಯಾವ ಕಡೆಯದು ಎಂದು ಬ್ರಹ್ಮನಿಗೂ ತಿಳಿಯದು. ಅದು ಗೊತ್ತಿದ್ದದ್ದು ದೊಡ್ಡಮ್ಮನಿಗೆ ಮಾತ್ರ.

ಕೊಡುವಾಗ ಒಂದು ಮಾತು, ವಾಪಸ್ ಪಡೆಯುವಾಗ ನೂರೊಂದು. ಕೋಣೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಹಳೇ ಬಿಳಿ ಪಂಚೆಯ ತುಂಡನ್ನು ಪಾತ್ರೆಯ ಒಳಗೆಲ್ಲ ಸವರಿ, ಆ ತುಂಡನ್ನು ಬಿಸಿಲಿಗೆ ಹಿಡಿಯುತ್ತಿದ್ದರು. ಆಮೇಲೆ ಪಾತ್ರೆಯ ಬಾಯಂಚು ಮಡಿಸಿರುತ್ತದಲ್ಲ, ಅದರ ಸಂದಿಯಲ್ಲಿ ಹೆಬ್ಬೆರಳಿನ ಉಗುರು ಓಡಿಸುವುದು. ಆಮೇಲೆ ಹಿಡಿಯ ರಿವೆಟ್ಟಿನ ಸುತ್ತ. ಕೊನೆಗೆ ತಲೆಯನ್ನೇ ದಬರಿಯೊಳಗೆ ತೂರಿಸಿ ಮೂಸುವುದು. ತಲೆ ಹೊರಗೆ ಬಂದಾಗ ಆ ಮುಖ ನೋಡಿದರೆ ನಮಗೆ ತೀರ್ಪು ಗೊತ್ತಾಗುತ್ತಿತ್ತು.

ನನಗೂ ಅವರಿಗೂ ಮೊದಲ ಜಟಾಪಟಿ ನನ್ನ ಮಗಳ ನಾಮಕರಣದಲ್ಲೇ ಆಯಿತು. ಹೆಬ್ಬಾಳದ ಕಾಲೇಜೊಂದರ ಆಫೀಸಿನಲ್ಲಿ ನನಗೆ ಕೆಲಸ, ಆಗ ಬೀದಿಗೆ ಹೊಸಬಳು. ದಬರಿ ತೊಳೆದು, ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಒಯ್ದೆ. ಅಂಚಿನಲ್ಲಿ ಒಂದು ಅಗುಳು ಸಿಕ್ಕಿತು, ವಾಪಸ್ ಕಳಿಸಿದರು. ಎರಡನೇ ಸಲ ಅಗುಳು ಇರಲಿಲ್ಲ, ನೀರು ಒಣಗಿದ ಬಿಳಿ ಕಲೆ ಇತ್ತು. ನಮ್ಮದು ಬೋರ್‌ವೆಲ್ ನೀರು, ಕಲೆ ಬೀಳದೆ ಇನ್ನೇನು ಬೀಳುತ್ತದೆ ಅಂದೆ. ನೀರು ಬೋರ್‌ವೆಲ್‌ದಾದರೆ ಒರೆಸುವ ಬಟ್ಟೆಯೂ ಬೋರ್‌ವೆಲ್‌ದಾ ಎಂದು ಕೇಳಿದರು. ಮೂರನೇ ಸಲ ನಾನು ಹಸಿ ಬಾಣಂತಿತನದ ಸಿಟ್ಟಿನಲ್ಲಿ ಮೆಟ್ಟಿಲ ಮೇಲೆ ಕೂತು ಅತ್ತೇ ಬಿಟ್ಟೆ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು, ಬೆನ್ನು ತಟ್ಟಿದರು, ಮಲಗಿಸಿದರು. ಅಬ್ಬಾ, ಕರಗಿದರು ಅಂದುಕೊಂಡೆ. "ಮಗೀನ ನಾನ್ ನೋಡ್ಕತೀನಿ. ನೀನು ರಿವೆಟ್ ತಿಕ್ಕು," ಅಂದರು.

ತಿಕ್ಕುವ ವಿಷಯದಲ್ಲಿ ಅವರದು ದೊಡ್ಡ ಶಾಸ್ತ್ರ. ಕಬ್ಬಿಣದ ತಂತಿಯ ಉಂಡೆ ಮುಟ್ಟಬಾರದು, ಗೀರು ಬೀಳುತ್ತದೆ, ಗೀರಿನಲ್ಲಿ ಮುಂದಿನ ಸಲದ ಅನ್ನ ಕೂರುತ್ತದೆ. ತಳ ಹಿಡಿದರೆ ಕೆರೆಯಬಾರದು. ನೀರು, ಒಂದು ಹಿಡಿ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಆರಲು ಬಿಟ್ಟು, ಮರದ ಸೌಟಿನಲ್ಲಿ ಎಬ್ಬಿಸಬೇಕು. ಬಿಳಿ ಕಲೆಗೆ ಹುಣಸೆಹಣ್ಣು. ಬರಿದೇ ಕಾದು ನವಿಲುಬಣ್ಣ ಬಂದಿದ್ದರೆ ನಿಂಬೆಸಿಪ್ಪೆ. ತೆಂಗಿನ ನಾರಿನಿಂದ ಉಜ್ಜುವಾಗಲೂ ಸ್ಟೀಲಿನ ಗೆರೆ ಯಾವ ಕಡೆಗೆ ಓಡಿದೆಯೋ ಆ ಕಡೆಗೇ ಉಜ್ಜಬೇಕು, ಅಡ್ಡಡ್ಡ ಅಲ್ಲ. ತೊಳೆದ ತಕ್ಷಣ ಒರೆಸಬೇಕು. ಮಗುಚಿ ಇಡುವಾಗ ಕೆಳಗೆ ಹಲಗೆಪಟ್ಟಿ ಕೊಟ್ಟು ಗಾಳಿ ಆಡಲು ಜಾಗ ಬಿಡಬೇಕು. ಇಷ್ಟೂ ನನಗೆ ಬಾಯಿಪಾಠ ಬರುತ್ತದೆ. ಕಲಿಯಬೇಕೆಂದು ಕಲಿತದ್ದಲ್ಲ, ಬೈಸಿಕೊಂಡು ಬೈಸಿಕೊಂಡು ಬಂದದ್ದು.

ಇನ್ನು ಅವರ ಪತ್ತೇದಾರಿಕೆ. ತಳ ನೋಡಿ ಯಾರ ಮನೆಯಲ್ಲಿ ಏನಾಯಿತು ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಮೂಲೆಮನೆಯ ಗುತ್ತಿಗೆದಾರರು ಪಾತ್ರೆ ತಂದಾಗ ತಳದ ಸಣ್ಣ ಚುಕ್ಕಿಗಳನ್ನು ತೋರಿಸಿ, ನೀರು ಕುದಿಯುವ ಮೊದಲೇ ಉಪ್ಪು ಸುರಿದಿದ್ದೀರಿ, ಉಪ್ಪು ತಳದಲ್ಲಿ ಕೂತು ಸ್ಟೀಲನ್ನು ತಿಂದಿದೆ, ಅಡುಗೆಯವನು ಯಾರು ಎಂದು ಹತ್ತು ಜನರ ಎದುರು ವಿಚಾರಣೆ ನಡೆಸಿದರು. ಅಡುಗೆ ಮಾಡಿದ್ದು ಗುತ್ತಿಗೆದಾರರ ಸ್ವಂತ ಅತ್ತೆ, ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಆ ಮನೆಯವರು ಒಂದು ವರ್ಷ ಸಂಘಕ್ಕೆ ಬರಲಿಲ್ಲ. ಅವರನ್ನು ಸಮಾಧಾನ ಮಾಡಲು ಓಡಾಡಿದ್ದು ನಾನು, ಅಷ್ಟರಲ್ಲಿ ನನ್ನನ್ನು ಸೆಕ್ರೆಟರಿ ಮಾಡಿದ್ದರಲ್ಲ.

ನನ್ನ ಅಡುಗೆಮನೆಯೂ ಅವರ ಹದ್ದುಬಸ್ತಿನಲ್ಲೇ ಇತ್ತು. ಬೀಗರು ಬಂದು ಕೂತಿದ್ದಾಗ ಹಿತ್ತಲ ಬಾಗಿಲಿಂದ ಸೀದಾ ಒಳಗೆ ಬಂದು ಕುಕ್ಕರಿನ ಮುಚ್ಚಳ ಎತ್ತಿ, ರಬ್ಬರು ಕಿತ್ತು, ಮೂಸಿ, "ಇದ್ರಾಗೆ ಓದ್ವಾರದ ಬೇಳೆ ಐತೆ" ಅಂದವರು ಅವರು. ಬೀಗಿತ್ತಿ ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಇಷ್ಟು ಸಹಿಸಿದ್ದು ಏಕೆ ಎಂದು ಕೇಳಬಹುದು. ಆ ಬೀಗದ ಕೈ ಬಿಟ್ಟರೆ ಅವರಿಗೆ ಬೇರೆ ಏನೂ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತಾರಕ್ಕೆ ಗಂಡ ಹೋದರು, ಮಕ್ಕಳಿಲ್ಲ. ಅಣ್ಣನ ಮಕ್ಕಳು ಹೊಲ ಮಾರಿದ್ದರಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿ, ಕೆಳಗೆ ಪಾರ್ಕಿಂಗ್ ಪಕ್ಕ ಇವರಿಗೊಂದು ರೂಮು ಕೊಟ್ಟಿದ್ದರು. ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಆ ಮನೆಯಲ್ಲೇ ಆದ ಮದುವೆಗಳಲ್ಲಿ ಅರಿಶಿನ ಕುಟ್ಟುವಾಗ, ಹಸೆ ಬರೆಯುವಾಗ ಅವರನ್ನು ಮುಂದಕ್ಕೆ ಕರೆದವರಿಲ್ಲ. ಚಪ್ಪರದ ಹೊರಗೆ, ಒಲೆಯ ಹತ್ತಿರ ಕೂತಿರುತ್ತಿದ್ದರು. ಹಾಗಿದ್ದೂ ಬೀದಿಯಲ್ಲಿ ಯಾವ ಶುಭಕಾರ್ಯವಾದರೂ ಮೊದಲು ಅವರ ಬಾಗಿಲಿಗೆ ಹೋಗಿ ನಿಲ್ಲಬೇಕಿತ್ತು, ಅವರು ಹೂಂ ಅನ್ನಬೇಕಿತ್ತು. ಪಾತ್ರೆಮನೆ ಕೈತಪ್ಪಿದರೆ ಆ ಬಾಗಿಲಿಗೆ ಯಾರು ಹೋಗುತ್ತಾರೆ?

ಇದೆಲ್ಲ ಗೊತ್ತಿದ್ದೂ ಅದನ್ನು ಕಿತ್ತುಕೊಳ್ಳಲು ಹೊರಟವಳು ನಾನೇ.

ಆರು ವರ್ಷದ ಹಿಂದೆ ನಮ್ಮತ್ತೆ ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಎಡಗಡೆಯ ದಬರಿ ತಂದೆವು. ಅಡುಗೆಯವರು ಮಾತಾಡುತ್ತಾ ನಿಂತು ಅನ್ನ ತಳ ಹಿಡಿಸಿದರು, ಬೆರಳು ದಪ್ಪ ಕಪ್ಪು. ಹನ್ನೊಂದು ದಿನದ ಓಡಾಟ, ಕಾಲು ನಿಲ್ಲುತ್ತಿರಲಿಲ್ಲ. ಸೋಡಾ ಕುದಿಸಿ, ಆರಿಸಿ, ಎಬ್ಬಿಸಿ, ಯಾರಿಗಿದೆ ಅಷ್ಟು ತಾಳ್ಮೆ? ಬಚ್ಚಲು ತೊಳೆಯುವ ಆಸಿಡ್ ಇತ್ತು, ಸುರಿದೆ. ಎರಡು ಗಂಟೆ ಬಿಟ್ಟು ನೋಡಿದರೆ ಕಪ್ಪು ಹೋಗಿತ್ತು, ಅದರ ಜೊತೆ ಹೊಳಪೂ ಹೋಗಿತ್ತು. ತಳವೆಲ್ಲ ಮಂಕು ಬಡಿದು ಸಿಡುಬು ಎದ್ದ ಮುಖದ ಹಾಗೆ ಗುಳಿ ಗುಳಿ. ಹಾಗೇ ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲಿಟ್ಟು, ಬೈಗುಳಕ್ಕೆ ತಯಾರಾಗಿ ನಿಂತೆ. ದೊಡ್ಡಮ್ಮ ಬಗ್ಗಿ ನೋಡಿದರು. ಬಟ್ಟೆ ಸವರಲಿಲ್ಲ, ಉಗುರು ಓಡಿಸಲಿಲ್ಲ. "ಊಟ ಮಾಡ್ದ್ಯಾ? ಓಗಿ ಮಲಿಕ್ಕೋ," ಅಂದು ದಬರಿಯನ್ನು ತಾವೇ ಒಳಗೆ ಎತ್ತಿಕೊಂಡು ಹೋದರು. ಅವರ ಕೈಗೆ ಹೋಯಿತಲ್ಲ, ಏನಾದರೂ ಮಾಡಿ ಸರಿ ಮಾಡಿರುತ್ತಾರೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದನ್ನು ಮರೆತೇಬಿಟ್ಟೆ.

ಅಲ್ಲಿಂದ ಮುಂದೆ ಅವರ ಕಾಟ ಮಿತಿ ಮೀರಿತು. ಮೊದಲು ಎರಡು ಸಲ ವಾಪಸ್ ಕಳಿಸುತ್ತಿದ್ದವರು ನಾಲ್ಕು ಸಲ ಕಳಿಸತೊಡಗಿದರು. ನಾವು ತೊಳೆದು ಕೊಟ್ಟದ್ದನ್ನು ತಾವು ಮತ್ತೆ ತೊಳೆಯುತ್ತಿದ್ದರು. ಅನ್ನದ ದಬರಿ ಬೇಕೆಂದರೆ ತಾರೀಖು ನೋಡಬೇಕು, ಬೆರಳು ಮಡಿಸಿ ಎಣಿಸಬೇಕು, ನಾಳೆ ಬಾ, ನಾಡಿದ್ದು ಬಾ. ಜನ ಬೇಸತ್ತು ಗೊರಗುಂಟೆಪಾಳ್ಯದ ಕಡೆಯಿಂದ ಬಾಡಿಗೆಗೆ ಪಾತ್ರೆ ತರಿಸಲು ಶುರು ಮಾಡಿದರು. ಸಂಘದಲ್ಲಿ ದೂರು ಕೇಳಿ ಕೇಳಿ ನನ್ನ ಕಿವಿ ತೂತಾಯಿತು.

ಹೋದ ವರ್ಷ ನನ್ನ ಮಗಳ ನಿಶ್ಚಿತಾರ್ಥ. ಬೆಳಿಗ್ಗೆ ಎಂಟಕ್ಕೆ ದಬರಿ ಕೊಡುವುದೆಂದು ಮಾತಾಗಿತ್ತು. ಎಂಟಕ್ಕೆ ಹೋದರೆ ಕೋಣೆಗೆ ಒಳಗಿನಿಂದ ಚಿಲಕ. ಒಂಬತ್ತಕ್ಕೂ ಚಿಲಕ, ಹತ್ತಕ್ಕೂ ಚಿಲಕ. ಒಳಗೆ ಪರಪರ ತಿಕ್ಕುವ ಸದ್ದು ಕೇಳುತ್ತಿತ್ತು. ಪಾಯಸದ ಹಾಲು ಕೆಡುತ್ತದೆ, ಬೀಗರು ಚಿಕ್ಕಜಾಲ ದಾಟಿದ್ದಾರಂತೆ, ಬಾಗಿಲು ತೆಗೆಯಿರಿ ಎಂದು ಕೂಗಿದೆ, ಬೇಡಿದೆ, ಬಾಗಿಲು ಗುದ್ದಿದೆ. ಆಗಲಿಲ್ಲ ತಡಿ ಎಂಬ ಒಂದೇ ಉತ್ತರ. ಹನ್ನೊಂದೂವರೆಗೆ ಬಾಗಿಲು ತೆರೆಯಿತು. ಸೀರೆಯೆಲ್ಲ ಒದ್ದೆ, ಕೈ ನೀರಲ್ಲಿ ನೆಂದು ಬೆಳ್ಳಗಾಗಿತ್ತು. ದಬರಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಆ ಹೊಳಪನ್ನು ನೋಡಲಿಲ್ಲ, ಕಿತ್ತುಕೊಂಡು ಬಂದೆ. ಬೀಗರು ಊಟಕ್ಕೆ ಮೂರು ಗಂಟೆಯವರೆಗೆ ಕಾದರು. ಅವತ್ತು ನಿರ್ಧಾರ ಮಾಡಿದೆ, ಇನ್ನು ಈಯಮ್ಮನ ಕೊರಳಲ್ಲಿ ಆ ಕೈ ಇರಕೂಡದು ಎಂದು.

ಮನೆ ಮನೆಗೆ ಹೋಗಿ ಹೆಂಗಸರನ್ನು ಒಪ್ಪಿಸಿದೆ. ಭಾನುವಾರ ಸಭೆ. ಬೀಗದ ಕೈಯನ್ನು ಸಂಘ ತೆಗೆದುಕೊಳ್ಳುವುದು, ಕೆಲಸಕ್ಕೆ ಒಬ್ಬರನ್ನು ಇಡುವುದು, ಪಾತ್ರೆಗಳಿಗೆ ಹೆಸರು ಕೆತ್ತಿಸುವುದು, ಎಡಗಡೆಯದಕ್ಕೆ ಬೇರೆ ಗುರುತು ಹಾಕಿಸುವುದು. ಶನಿವಾರವೇ ಕೆತ್ತುವವನನ್ನು ಕರೆದುಕೊಂಡು ಪಾತ್ರೆಮನೆಗೆ ಹೋದೆ. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು. ಬೇಡ ಕಣವ್ವ, ಇವತ್ತು ಬೇಡ ಎಂದು ಎರಡು ಸಲ ಹೇಳಿದರು. ನಾನು ಅವರನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದೆ.

ಕೆತ್ತುವವನು ಎಡಗಡೆಯ ಗೂಡಿನಿಂದಲೇ ಶುರು ಮಾಡಿದ. ಮಗುಚಿಟ್ಟ ದಬರಿಯನ್ನು ತಿರುಗಿಸಿದ. ಒಳಗೆ ಜೇಡರ ಬಲೆ, ಧೂಳು, ಅದರ ಕೆಳಗೆ ನನ್ನ ಆಸಿಡ್ಡಿನ ಗುಳಿಗಳು. "ಇದ್ರಲ್ಲಿ ವರ್ಷಗಟ್ಲೆ ಅಡ್ಗೆ ಮಾಡಿಲ್ಲ ಮೇಡಂ," ಅಂದ. ಅವನಿಗೆ ಟೀ ಕುಡಿದು ಬಾ ಎಂದು ಹೊರಗೆ ಕಳಿಸಿದೆ.

ನಮ್ಮತ್ತೆಯ ತಿಥಿಯಾದ ಮೇಲೆ ಬೀದಿಯಲ್ಲಿ ಎಷ್ಟೋ ಸಾವಾಗಿದೆ, ಎಷ್ಟೋ ಹನ್ನೊಂದನೇ ದಿನ ಆಗಿದೆ. ಆ ಅನ್ನವೆಲ್ಲ ಯಾವುದರಲ್ಲಿ ಬೆಂದಿತು ಎಂದು ಕೇಳಿದೆ. ದೊಡ್ಡಮ್ಮ ಬಲಗಡೆಯ ದಬರಿಯ ಕಡೆ ಕೈ ತೋರಿಸಿದರು. ಐದು ವರ್ಷದಿಂದ ಮದುವೆಗೂ ಅದೇ, ಮಸಣದಿಂದ ಬಂದವರಿಗೂ ಅದೇ. ನನ್ನ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಬೀದಿ ಕೊನೆಯ ಮನೆಯಲ್ಲಿ ತಿಥಿ ಇತ್ತು, ನೆನಪಾಯಿತು. ನಾನು ಗುದ್ದಿದ ಬಾಗಿಲ ಹಿಂದೆ ಅವರು ಏನು ಮಾಡುತ್ತಿದ್ದರು ಎಂದು ಆಗ ಗೊತ್ತಾಯಿತು. ಸುಳ್ಳೇಕೆ, ಮೊದಲು ನನ್ನ ಮಗಳ ಪಾಯಸ ಅದರಲ್ಲಾ ಅನ್ನಿಸಿತು. ಆಮೇಲೆ ನಾಚಿಕೆಯಾಯಿತು. ಒಂದು ಮಾತು ಹೇಳಬಹುದಿತ್ತಲ್ಲ, ಹೊಸದು ತರುತ್ತಿದ್ದೆವಲ್ಲ ಎಂದು ರೇಗಿದೆ.

"ಒಸಾದು ಯಾಕೆ ಅಂತ ಸಭೇಲಿ ಕೇಳ್ತಿದ್ರು. ಅತ್ತೆ ಸತ್ತ ಮನೇಗೆ ಪಾತ್ರೆ ಲೆಕ್ಕ ಕೇಳಕ್ ಬರೋರು," ಅಂದರು ದೊಡ್ಡಮ್ಮ. "ನಾನ್ ತಿಕ್ಕಿದ್ರೆ ಆಯ್ತು ಅಂದ್ಕಂಡೆ."

ಇದು ಹೊರಬಿದ್ದರೆ ಬೀದಿಯವರು ಅವರನ್ನು ಸುಮ್ಮನೆ ಬಿಡುತ್ತಿದ್ದರೇ? ಬೀಗದ ಕೈ ಹೋಗುವುದು ಅತ್ಲಾಗಿರಲಿ, ಮದುವೆ ಮಾಡಿದ ಒಂದೊಂದು ಮನೆಯವರೂ ಬಂದು ಶಾಪ ಹಾಕುತ್ತಿದ್ದರು. ಯಾರ ಮನೆಯ ಸೊಸೆಗೆ ಮಕ್ಕಳಾಗಿಲ್ಲ, ಯಾರ ಅಳಿಯ ಬಿಟ್ಟು ಹೋದ, ಎಲ್ಲದಕ್ಕೂ ಆ ದಬರಿಯೇ ಕಾರಣ ಎನ್ನುತ್ತಿದ್ದರು.

ಭಾನುವಾರ ದೇವಸ್ಥಾನದ ಜಗಲಿಯಲ್ಲಿ ಮೂವತ್ತು ಹೆಂಗಸರು ಸೇರಿದ್ದರು, ನಾನೇ ಹುರಿದುಂಬಿಸಿ ಕರೆತಂದವರು. ನಾನು ಎದ್ದು ನಿಂತು, ಯೋಚನೆ ಮಾಡಿದೆ, ಬೀಗದ ಕೈ ದೊಡ್ಡಮ್ಮನ ಹತ್ತಿರವೇ ಇರಲಿ, ಕೆತ್ತಿಸುವುದೂ ಬೇಡ ಅಂದೆ. ಕಾರಣ ಕೇಳಿದರು. ಕಾರಣ ಹೇಳುವ ಹಾಗಿರಲಿಲ್ಲ. ಸ್ಟೀಲಿಗೆ ಕೆತ್ತಿದರೆ ಬಾಳಿಕೆ ಕಮ್ಮಿ ಎಂದು ಏನೇನೋ ಒದರಿದೆ. ಮನೆ ಮನೆಗೆ ಬಂದು ತಲೆ ತಿಂದವಳೇ ಈಗ ತಿಪ್ಪರಲಾಗ ಹಾಕುತ್ತಾಳೆ ಎಂದು ಎಲ್ಲರೂ ನನ್ನ ಮೇಲೆ ಬಿದ್ದರು. ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಮ್ಮ ಒಂದು ಒಳ್ಳೆ ಮಾತಾಡಬಹುದಿತ್ತು. ಏನಂದರು ಗೊತ್ತೆ? ಇವಳಿಗೆ ಪಾತ್ರೆ ವಿಷಯ ಏನು ಗೊತ್ತು, ಮೊದಲು ಮನೆಯ ಕುಕ್ಕರ್ ರಬ್ಬರು ತೊಳೆಯಲು ಕಲಿಯಲಿ ಅಂದರು. ಜಗಲಿಯೆಲ್ಲ ನಗು. ಅವತ್ತು ಮನೆಗೆ ಬಂದು ನಾನು ಎರಡು ಹೊತ್ತು ಊಟ ಬಿಟ್ಟೆ.

ಆದರೂ ತಪ್ಪು ನನ್ನದಲ್ಲವೆ? ಮರುವಾರ ಯಶವಂತಪುರಕ್ಕೆ ಹೋಗಿ ಅಂಥದ್ದೇ ದಬರಿ ಕೊಂಡು, ಗೋಣಿಯಲ್ಲಿ ಸುತ್ತಿ, ಯಾರಿಗೂ ಕಾಣದ ಹಾಗೆ ಅವರ ರೂಮಿಗೆ ತಂದಿಳಿಸಿದೆ. ಇನ್ನು ಮೇಲೆ ಎಡಗಡೆಗೆ ಇದನ್ನಿಡಿ, ಇಬ್ಬರ ತಲೆನೋವೂ ಹೋಯಿತು ಅಂದೆ. ದೊಡ್ಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಚೆನ್ನಾಗಿದೆ ಅಂತಲೂ ಅಂದರು. ಆಮೇಲೆ ಗೋಣಿಯನ್ನು ಮತ್ತೆ ಸುತ್ತಿದರು.

"ತಗಂಡೋಗು. ಒಂದೇ ಸಾಕು."

ನನಗೆ ತಲೆ ಕೆಟ್ಟುಹೋಯಿತು. ಬೆನ್ನು ಮುರಿದುಕೊಂಡು ಹೊತ್ತು ತಂದಿದ್ದೇನೆ, ಹಟ ಬಿಡಿ ಅಂದೆ. ಸಿಕ್ಕಿಬಿದ್ದರೆ ನಿಮ್ಮ ಗತಿ ಏನು ಅಂದೆ. ಅವರು ಗೋಣಿಯ ದಾರಕ್ಕೆ ಗಂಟು ಹಾಕುತ್ತಲೇ ಇದ್ದರು.

"ನಮ್ಮನೆಯವ್ರು ಓದ್ಮೇಲೆ ನನ್ನೂ ಎಡಗಡೆ ಗೂಡಲ್ಲಿ ಇಟ್ರು ಕಣವ್ವ. ಎಷ್ಟ್ ತಿಕ್ಕಂಡ್ರೂ ಬಲಗಡೆ ಎತ್ತಿಡ್ಲಿಲ್ಲ. ಪಾತ್ರೇನಾದ್ರೂ ಎರಡ್ ಕಡೀಗೂ ಓಗ್ಲಿ ಬುಡು."

ಹೊಸ ದಬರಿಯನ್ನು ಆಟೋದಲ್ಲಿ ವಾಪಸ್ ತಂದೆ. ಈಗಲೂ ನಮ್ಮ ಅಟ್ಟದ ಮೇಲಿದೆ.

ಆಮೇಲಿನ ವರ್ಷವೂ ಅವರೇನು ಮೆತ್ತಗಾಗಲಿಲ್ಲ. ಗುಟ್ಟು ಗೊತ್ತಾದವಳು ಎಂದು ನನ್ನನ್ನೇ ಕೂಲಿಗೆ ಹಚ್ಚಿದರು. ತಿಥಿಯ ಮರುದಿನ ಆಫೀಸಿಗೆ ರಜ ಹಾಕಿಸಿ ತಿಕ್ಕಿಸುತ್ತಿದ್ದರು, ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿದ್ದರು. ಸಾಯುವ ನಾಲ್ಕು ದಿನ ಮುಂಚೆ ಆಸ್ಪತ್ರೆಯಲ್ಲಿ ನೋಡಲು ಹೋದರೆ ನನ್ನ ಕೈ ಹಿಡಿದುಕೊಂಡರು. ಕಣ್ಣು ತುಂಬಿಬಂತು ನನಗೆ. ಅವರು ನೋಡುತ್ತಿದ್ದದ್ದು ನನ್ನ ಹೆಬ್ಬೆರಳಿನ ಉಗುರನ್ನು. ಇಷ್ಟು ಕತ್ತರಿಸಿಕೊಂಡರೆ ಅಂಚಿನ ಸಂದಿಗೆ ಹೇಗೆ ಹೋಗುತ್ತದೆ ಎಂದು ಗೊಣಗಿದರು. ನನಗೆ ಅವರು ಹೇಳಿದ ಕೊನೇ ಮಾತು ಅದೇ.

ಕೊರಳಿನ ದಾರದಿಂದ ಬೀಗದ ಕೈ ಬಿಚ್ಚಿ ಅಣ್ಣನ ಮಗ ನನಗೆ ತಂದುಕೊಟ್ಟ. ಹನ್ನೊಂದನೇ ದಿನದ ಊಟಕ್ಕೆ ಕೇಟರಿಂಗ್‌ನವರಿಗೆ ಹೇಳಿಬಿಡುತ್ತೇವೆ ಅಂದ. ಬೇಡಪ್ಪ, ಪಾತ್ರೆ ನಾನು ಕೊಡುತ್ತೇನೆ ಅಂದೆ. ಎಡಗಡೆಯದು ತಾನೆ ಎಂದು ಅವನ ಹೆಂಡತಿ ಕೇಳಿದಳು. ಹೌದಮ್ಮ ಅಂದೆ. ದೊಡ್ಡಮ್ಮನ ತಿಥಿಯ ಅನ್ನ ಬಲಗಡೆಯ ಆ ಒಂದೇ ದಬರಿಯಲ್ಲಿ ಬೆಂದಿತು. ಆ ಅನ್ನವೂ ತಳ ಹಿಡಿಯಿತು, ಹಿಡಿಯದೆ ಇರುತ್ತದೆಯೇ? ಸೋಡಾ ಕುದಿಸಿ, ಆರಿಸಿ, ಎಬ್ಬಿಸಿ, ಹುಣಸೆಹಣ್ಣು ಹಚ್ಚಿ, ಗೆರೆ ಹಿಡಿದು ನಾರಿನಿಂದ ಉಜ್ಜಿ, ಒರೆಸಿ ಮುಗಿಸುವ ಹೊತ್ತಿಗೆ ನನಗೆ ಸೊಂಟ ಎತ್ತಲಾಗುತ್ತಿರಲಿಲ್ಲ. ತಿಕ್ಕುವಷ್ಟು ಹೊತ್ತೂ ಅವರನ್ನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ.

ತಿಥಿಯಾದ ಐದನೇ ದಿನಕ್ಕೆ ಅವರ ಅಣ್ಣನ ಮೊಮ್ಮಗಳ ಚಪ್ಪರ. ಮದುವೆ ಮೊದಲೇ ಗೊತ್ತಾಗಿತ್ತು, ಮುಂದಕ್ಕೆ ಹಾಕುವುದು ಬೇಡವೆಂದು ದೊಡ್ಡಮ್ಮನೇ ಹೇಳಿದ್ದರಂತೆ. ಅಣ್ಣನ ಮಗನ ಅದೇ ಹೆಂಡತಿ ಪಾತ್ರೆಮನೆಗೆ ಬಂದು ಪಾಯಸಕ್ಕೆ ದಬರಿ ಕೇಳಿದಳು. ಬಲಗಡೆಯದು ತಾನೆ ಅಕ್ಕ, ಸರಿಯಾಗಿ ನೋಡಿ ಕೊಡಿ ಅಂದಳು. ನಾನು ಅವಳ ಮುಖ ನೋಡಿಕೊಂಡೇ ಹೌದು ಅಂದೆ.

ಸಂಜೆ ಚಪ್ಪರಕ್ಕೆ ಹೋದಾಗ ದಬರಿಯನ್ನು ಒಲೆಯಿಂದ ಇಳಿಸಿ ಒಳಗೆ ತಂದರು. ಮುತ್ತೈದೆಯರು ಜಾಗ ಬಿಟ್ಟರು. ಹಸೆಮಣೆಯ ಮುಂದೆ, ಮದುಮಗಳ ಎದುರಿಗೇ ಅದನ್ನಿಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು.